ಅಮೃತಾಪುರದ ಗಂಟೆ, ಆಕಾಶದ ಕಪ್ಪುಕುಳಿ

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆಗೆ ರೈಲಿನಲ್ಲಿ ಹೊರಟರೆ ಅರಸೀಕೆರೆ ದಾಟಿದ ಮೇಲೆ ಮೊದಲು ಕಡೂರು, ಆಮೇಲೆ ಬೀರೂರು, ಅದರ ಮುಂದೆ ಅಜ್ಜಂಪುರ. ತರೀಕೆರೆಗೆ ಹೋಗುವವರು ಬೀರೂರಿನಲ್ಲಿ ಶಿವಮೊಗ್ಗದ ಹಳಿ ಹಿಡಿಯಬೇಕು. ಬ್ಯಾಂಕಿನ ಗುಮಾಸ್ತನಾಗಿ ನಾನು ಈ ಮೂರೂ ಊರುಗಳಲ್ಲಿ ಲೆಡ್ಜರ್ ಬರೆದವನು. ಕಡೂರಿನಲ್ಲಿ ತೆಂಗಿನವರು, ತರೀಕೆರೆಯಲ್ಲಿ ಅಡಿಕೆಯವರು, ಅಜ್ಜಂಪುರದಲ್ಲಿ ಈರುಳ್ಳಿಯವರು. ಕೌಂಟರಿನ ಮುಂದೆ ನಿಂತವರ ಮುಖ ನೋಡಿಯೇ ಆ ದಿನದ ಧಾರಣೆ ಹೇಳಿಬಿಡಬಹುದಿತ್ತು. ಈಗಿನ ಮಕ್ಕಳಿಗೆ ಗೊತ್ತಿರಲಾರದು, ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಹಿಂದೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು.

2025ರ ದಸರಾ ರಜೆಗೆ ಮೊಮ್ಮಕ್ಕಳಿಬ್ಬರು ಬಂದಿದ್ದರು. ಮೊಮ್ಮಗಳು ಏಳನೇ ಕ್ಲಾಸು, ಅವಳ ತಮ್ಮ ಮೂರನೇ ಕ್ಲಾಸು. ಆ ತಿಂಗಳ 10ನೇ ತಾರೀಖು ವಿಜ್ಞಾನಿಗಳು ಒಂದು ಸುದ್ದಿ ಪ್ರಕಟಿಸಿದ್ದರು. ಎಲ್ಲೋ ದೂರದಲ್ಲಿ ಎರಡು ಕಪ್ಪುಕುಳಿಗಳು ಡಿಕ್ಕಿ ಹೊಡೆದು ಒಂದಾದವು, ಸ್ಟೀಫನ್ ಹಾಕಿಂಗ್ 1971ರಲ್ಲಿ ಹೇಳಿದ್ದ ಮಾತು ಅದರಿಂದ ಸರಿಯೆಂದು ಕಂಡುಬಂತು ಎಂದು. ಅದನ್ನು ಓದಿದ್ದ ಮೊಮ್ಮಗಳು ಕೇಳಿದಳು: “ತಾತ, ಅಲ್ಲಿಗೆ ಯಾರೂ ಹೋಗೋಕಾಗಲ್ಲ. ಹೋದ್ರೂ ವಾಪಸ್ ಬರೋಕಾಗಲ್ಲ. ಮತ್ತೆ ಸರಿ ಅಂತ ಚೆಕ್ ಮಾಡಿದ್ದು ಯಾರು?”

ನಾನು ಓದಿದ್ದು ಬಿ.ಕಾಂ. ಆದರೆ ‘ಚೆಕ್ ಮಾಡಿದ್ದು ಯಾರು’ ಎಂಬ ಪ್ರಶ್ನೆ ನಮ್ಮ ವೃತ್ತಿಯದೇ. ಒಬ್ಬ ಬರೆದದ್ದನ್ನು ಇನ್ನೊಬ್ಬ ನೋಡಿ ಟಿಕ್ ಹಾಕದೆ ಬ್ಯಾಂಕಿನಲ್ಲಿ ಒಂದು ರೂಪಾಯಿಯೂ ಅಲುಗುವುದಿಲ್ಲ. ಹಾಗಾಗಿ ಲೈಬ್ರರಿಯಿಂದ ಪುಸ್ತಕ ತಂದು ಓದಿದೆ. ಓದುತ್ತ ಹೋದಂತೆ, ಇದನ್ನು ಮನೆಯಲ್ಲಿ ಕೂತು ಹೇಳುವುದಕ್ಕಿಂತ ನಮ್ಮ ಸೀಮೆಯನ್ನು ಸುತ್ತಿಸುತ್ತಲೇ ಹೇಳುವುದು ಸುಲಭ ಅನ್ನಿಸಿತು. ಒಂದು ಬಾಡಿಗೆ ಕಾರು ಗೊತ್ತು ಮಾಡಿಕೊಂಡು ಮಹಾಲಯ ಅಮಾವಾಸ್ಯೆ ಕಳೆದ ಮರುದಿನ ಹೊರಟೆವು.

ಮೊದಲು ಅಯ್ಯನಕೆರೆ. ಕಡೂರಿನಿಂದ ಚಿಕ್ಕಮಗಳೂರು ರಸ್ತೆಯಲ್ಲಿ ಸಖರಾಯಪಟ್ಟಣಕ್ಕೆ ಹೋಗಿ ಅಲ್ಲಿಂದ ಒಳಗೆ ತಿರುಗಬೇಕು. ಸುತ್ತ ಬೆಟ್ಟ, ಅದರಲ್ಲಿ ಗೋಪುರದಂತೆ ಚೂಪಾದ ಶಕುನಗಿರಿ, ಕೆಳಗೆ ಸಮುದ್ರದಂಥ ಕೆರೆ. ರುಕ್ಮಾಂಗದರಾಯ ಕಟ್ಟಿಸಿದ ಕೆರೆಯೆಂದು ಊರಿನವರ ಮಾತು. ಹುಡುಗ ಇಳಿದವನೇ ಕಲ್ಲು ಎಸೆಯಲು ಶುರುಮಾಡಿದ. ಎಲ್ಲ ಹುಡುಗರೂ ಅದನ್ನೇ ಮಾಡುತ್ತಾರೆ, ನಾನೂ ತಡೆಯಲಿಲ್ಲ. ಕಲ್ಲು ಬಿದ್ದ ಕಡೆಯಿಂದ ಉಂಗುರ ಉಂಗುರವಾಗಿ ಅಲೆ ಹೊರಟು ನಮ್ಮ ಕಾಲಬುಡಕ್ಕೆ ಬಂತು. “ನೀನು ಕಣ್ಣು ಮುಚ್ಚಿಕೊಂಡಿದ್ದರೂ ಕಾಲಿಗೆ ತಾಗಿದ ಅಲೆಯಿಂದ ಕಲ್ಲು ಸಣ್ಣದೋ ದೊಡ್ಡದೋ ಹೇಳಬಹುದಲ್ವ?” ಎಂದೆ. ಹೌದೆಂದು ಒಪ್ಪಿದ.

ಕಪ್ಪುಕುಳಿಗಳನ್ನು ಹೀಗೆಯೇ ದಡದಲ್ಲಿ ನಿಂತು ಅಳೆಯುತ್ತಾರೆ. ಭಾರವಾದ ವಸ್ತುಗಳು ಒಂದರ ಸುತ್ತ ಒಂದು ಗಿರಗಿರನೆ ಸುತ್ತಿದರೆ ಆಕಾಶವೇ ಕೆರೆಯ ನೀರಿನ ಹಾಗೆ ಅಲುಗುತ್ತದೆ ಎಂಬುದು ಐನ್‌ಸ್ಟೈನ್ ಲೆಕ್ಕ. ಅದಕ್ಕೆ ಗುರುತ್ವ ಅಲೆ ಎಂದು ಹೆಸರು. ಅಮೆರಿಕದಲ್ಲಿ ಲೈಗೋ ಎಂಬ ಎರಡು ಯಂತ್ರಗಳಿವೆ. ಒಂದೊಂದಕ್ಕೂ ನಾಲ್ಕು ನಾಲ್ಕು ಕಿಲೋಮೀಟರ್ ಉದ್ದದ ಎರಡು ತೋಳು, ಒಳಗೆ ಲೇಸರ್ ಬೆಳಕು. ಅಲೆ ಬಂದಾಗ ಆ ತೋಳಿನ ಉದ್ದ ಒಂದು ಪ್ರೋಟಾನಿನ ಸಾವಿರದಲ್ಲಿ ಒಂದು ಭಾಗದಷ್ಟು ವ್ಯತ್ಯಾಸವಾದರೂ ಗೊತ್ತಾಗುತ್ತದೆ. ಮೊದಲ ಸಲ ಗೊತ್ತಾದದ್ದು 2015ರ ಸೆಪ್ಟೆಂಬರ್ 14ರಂದು. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ 3 ಗಂಟೆ 20 ನಿಮಿಷ, ಗಣೇಶನ ಹಬ್ಬಕ್ಕೆ ಮೂರು ದಿನ ಬಾಕಿ. 36 ಸೂರ್ಯರ ತೂಕದ ಒಂದು, 29 ಸೂರ್ಯರ ತೂಕದ ಇನ್ನೊಂದು ಸೇರಿ 62 ಸೂರ್ಯರ ತೂಕದ ಒಂದೇ ಕಪ್ಪುಕುಳಿಯಾಗಿತ್ತು. ಅದು ನಡೆದದ್ದು ಸುಮಾರು 130 ಕೋಟಿ ವರ್ಷಗಳ ಹಿಂದೆ. ಅಲೆ ಇಲ್ಲಿಗೆ ಬಂದು ಮುಟ್ಟಲು ಅಷ್ಟು ಕಾಲ ಹಿಡಿಯಿತು.

“36ಕ್ಕೆ 29 ಕೂಡಿದ್ರೆ 65!” ಎಂದಳು ಮೊಮ್ಮಗಳು. ನನಗೆ ಬಹಳ ಸಂತೋಷವಾಯಿತು. ಉಳಿದ ಮೂರು ಸೂರ್ಯರ ತೂಕವೇ ಅಲೆಯಾಗಿ ಹೊರಗೆ ಹೋದದ್ದು. ಆ ಅಲೆ ಭೂಮಿಯನ್ನೆಲ್ಲ ಹಾದುಹೋಯಿತಾದ್ದರಿಂದ ಕಡೂರಿನ ಸಂತೆಯನ್ನೂ ಅಯ್ಯನಕೆರೆಯ ನೀರನ್ನೂ ಹಾದುಹೋಯಿತು. ಯಾರಿಗೂ ಗೊತ್ತಾಗಲಿಲ್ಲ ಅಷ್ಟೆ.

ವಾಪಸು ಬರುವಾಗ ಕಡೂರು ಬಿಟ್ಟು ಬೀರೂರು ಮುಟ್ಟುವಷ್ಟರಲ್ಲಿ ಇನ್ನೊಂದು ಲೆಕ್ಕ ಹೇಳಿದೆ. ಇವೆರಡು ಊರಿನ ನಡುವೆ ಸುಮಾರು ಆರು ಕಿಲೋಮೀಟರ್. ನಮ್ಮ ಸೂರ್ಯನನ್ನು ಹಿಂಡಿ ಹಿಂಡಿ ಇಷ್ಟೇ ಅಗಲದ ಉಂಡೆ ಮಾಡಿದರೆ ಅವನು ಕಪ್ಪುಕುಳಿಯಾಗುತ್ತಾನೆ. ಆಮೇಲೆ ಬೆಳಕೂ ಅದರಿಂದ ಹೊರಗೆ ಬರಲಾರದು. ಹಾಗಂತ ಯಾರೂ ಹೆದರಬೇಕಾಗಿಲ್ಲ. ನಮ್ಮ ಸೂರ್ಯನಿಗೆ ಹಾಗೆ ಕುಗ್ಗುವಷ್ಟು ತೂಕವಿಲ್ಲ.

ರಾತ್ರಿ ತರೀಕೆರೆಯಲ್ಲಿ ಉಳಿದು ಬೆಳಿಗ್ಗೆ ಅಕ್ಕಿರೊಟ್ಟಿ ತಿಂದು ಕಲ್ಲತ್ತಿಗಿರಿಗೆ ಹೋದೆವು. ಲಿಂಗದಹಳ್ಳಿ ದಾಟಿ ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ಸಿಗುತ್ತದೆ. ವೀರಭದ್ರನ ಗುಡಿಯ ಎದುರಿಗೇ ಬಂಡೆಯಿಂದ ನೀರು ಧುಮುಕುತ್ತದೆ. ಮಳೆಗಾಲದ ಕೊನೆಯಾದ್ದರಿಂದ ನೀರು ಚೆನ್ನಾಗಿತ್ತು. ಹುಡುಗನಿಗೆ ಅಲ್ಲಿನ ಮಂಗಗಳ ಮೇಲೆಯೇ ಕಣ್ಣು.

ಕೆನಡಾದ ವಿಜ್ಞಾನಿ ವಿಲಿಯಂ ಉನ್ರೂ ಕಪ್ಪುಕುಳಿಯನ್ನು ಜಲಪಾತಕ್ಕೆ ಹೋಲಿಸಿದ್ದಾರೆ. ಹೊಳೆಯಲ್ಲಿ ಒಂದು ಮೀನು ಈಜುತ್ತಿದೆ ಎಂದುಕೊಳ್ಳಿ. ಜಲಪಾತದ ಹತ್ತಿರ ಹೋದಂತೆ ನೀರಿನ ಸೆಳೆತ ಹೆಚ್ಚು. ಒಂದು ಜಾಗ ಬರುತ್ತದೆ. ಅದರಿಂದ ಈಚೆಗಿದ್ದರೆ ಮೀನು ಕಷ್ಟಪಟ್ಟು ಹಿಂದಕ್ಕೆ ಈಜಿಕೊಳ್ಳಬಹುದು, ಆಚೆ ಹೋದರೆ ಎಷ್ಟು ಬಡಿದಾಡಿದರೂ ನೀರಿನ ವೇಗವೇ ಗೆಲ್ಲುತ್ತದೆ. ಆ ಜಾಗದಲ್ಲಿ ಗೋಡೆ ಇಲ್ಲ, ಬೇಲಿ ಇಲ್ಲ, ಬೋರ್ಡೂ ಇಲ್ಲ. ದಾಟುವ ಮೀನಿಗೆ ದಾಟಿದ್ದೇ ತಿಳಿಯುವುದಿಲ್ಲ. ಕಪ್ಪುಕುಳಿಗೂ ಅಂಥ ಅಂಚು ಇದೆ. ಈವೆಂಟ್ ಹೊರೈಜನ್ ಎನ್ನುತ್ತಾರೆ, ನಾವು ‘ಅಂಚು’ ಎಂದೇ ಕರೆಯೋಣ.

ಹಾಕಿಂಗ್ 1971ರಲ್ಲಿ ಹೇಳಿದ್ದು ಈ ಅಂಚಿನ ವಿಸ್ತೀರ್ಣದ ವಿಷಯ. ಕಪ್ಪುಕುಳಿಗಳು ಏನೇ ಮಾಡಿಕೊಳ್ಳಲಿ, ಅಂಚಿನ ಒಟ್ಟು ವಿಸ್ತೀರ್ಣ ಕಡಿಮೆಯಾಗುವುದಿಲ್ಲ. ಜಮೆ ಮಾತ್ರ ಇರುವ, ಖರ್ಚೇ ಇಲ್ಲದ ಪಾಸ್‌ಬುಕ್! ನನ್ನ ಮೂವತ್ತೈದು ವರ್ಷದ ಸರ್ವೀಸಿನಲ್ಲಿ ಅಂಥ ಗಿರಾಕಿಯನ್ನು ಕಾಣಲಿಲ್ಲ. ಈಗ ಲೈಗೋ ಮಾಡಿದ್ದು ಆ ಪಾಸ್‌ಬುಕ್ಕಿನ ತಪಾಸಣೆ. 2025ರ ಜನವರಿ 14ರಂದು ಬಂದ ಅಲೆ ಬಹಳ ಸ್ಪಷ್ಟವಾಗಿತ್ತು. ಡಿಕ್ಕಿಗೆ ಮುಂಚಿನ ಅಲೆಯಿಂದ ಎರಡು ಕಪ್ಪುಕುಳಿಗಳ ವಿಸ್ತೀರ್ಣ ಕೂಡಿದರು: ಸುಮಾರು 2,40,000 ಚದರ ಕಿಲೋಮೀಟರ್. ಡಿಕ್ಕಿಯ ನಂತರದ ಅಲೆಯಿಂದ ಹೊಸ ಕಪ್ಪುಕುಳಿಯ ವಿಸ್ತೀರ್ಣ ತೆಗೆದರು: ಸುಮಾರು 4,00,000. ನಮ್ಮ ಕರ್ನಾಟಕ 1,91,791 ಚದರ ಕಿಲೋಮೀಟರ್. ಅಂದರೆ ಕರ್ನಾಟಕಕ್ಕಿಂತ ಸ್ವಲ್ಪ ದೊಡ್ಡದಿದ್ದದ್ದು ಎರಡು ಕರ್ನಾಟಕಕ್ಕಿಂತ ದೊಡ್ಡದಾಯಿತು. ಜಮೆಯೇ ಆಗಿದೆ, ಖರ್ಚಾಗಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ 1974ರಲ್ಲಿ ಹಾಕಿಂಗ್ ಅವರೇ ತಮ್ಮ ನಿಯಮಕ್ಕೆ ಒಂದು ಅಪವಾದ ಕಂಡುಹಿಡಿದರು. ಅದು ಕ್ವಾಂಟಂ ಶಾಸ್ತ್ರದಿಂದ ಬಂದದ್ದು. ಅತಿ ಸಣ್ಣ ಕಣಗಳ ನಡವಳಿಕೆಯನ್ನು ಹೇಳುವ ಶಾಸ್ತ್ರ ಅದು. ಅದರ ಪ್ರಕಾರ ಖಾಲಿ ಜಾಗ ನಿಜವಾಗಿ ಖಾಲಿಯಲ್ಲ. ಕಣಗಳು ಜೋಡಿಯಾಗಿ ಹುಟ್ಟಿ, ತಕ್ಷಣ ಒಂದನ್ನೊಂದು ಸೇರಿ ಇಲ್ಲವಾಗುತ್ತಲೇ ಇರುತ್ತವೆ. ಅಂಗಡಿಯವರ ಕೈಗಡದ ಹಾಗೆ: ಬೆಳಿಗ್ಗೆ ತಗೊಂಡದ್ದು ಸಂಜೆಗೆ ವಾಪಸು, ಪುಸ್ತಕಕ್ಕೆ ಏರುವುದೇ ಇಲ್ಲ. ಆದರೆ ಅಂಚಿನ ಪಕ್ಕದಲ್ಲಿ ಹುಟ್ಟಿದ ಜೋಡಿಯಲ್ಲಿ ಒಂದು ಒಳಗೆ ಬಿದ್ದು ಇನ್ನೊಂದು ತಪ್ಪಿಸಿಕೊಂಡು ಹೊರಟುಹೋದರೆ? ಆ ಸಾಲವನ್ನು ಕಪ್ಪುಕುಳಿಯೇ ತನ್ನ ತೂಕದಿಂದ ತೀರಿಸಬೇಕು. ವಿಜ್ಞಾನಿಗಳ ಗಣಿತ ಇಷ್ಟು ಸರಳವಲ್ಲ, ಇದು ತಿಳಿಯಲಿಕ್ಕೆ ಒಂದು ಚಿತ್ರ ಮಾತ್ರ. ಒಟ್ಟಿನಲ್ಲಿ ಕಪ್ಪುಕುಳಿ ಸಣ್ಣಗೆ ಶಾಖ ಬಿಡುತ್ತದೆ, ನಿಧಾನವಾಗಿ ಸವೆಯುತ್ತದೆ.

“ಹಾಗಾದ್ರೆ ಥರ್ಮಾಮೀಟರ್ ಇಟ್ಟು ನೋಡ್ಬಹುದು!” ಎಂದ ಹುಡುಗ. ಅದೇ ತೊಂದರೆ. ಸೂರ್ಯನ ತೂಕದ ಕಪ್ಪುಕುಳಿಯ ಶಾಖವೆಂದರೆ ಅತ್ಯಂತ ತಣ್ಣಗಿನ ಸೊನ್ನೆಯಿಂದ ಮೇಲೆ ಒಂದು ಡಿಗ್ರಿಯ ಒಂದೂವರೆ ಕೋಟಿಯಲ್ಲಿ ಒಂದು ಪಾಲು. ಸುತ್ತಲಿನ ಆಕಾಶವೇ ಅದಕ್ಕಿಂತ ಬೆಚ್ಚಗೆ, 2.7 ಡಿಗ್ರಿ. ಹೊಗೆಮನೆಯಲ್ಲಿ ಕೂತು ಊದುಬತ್ತಿಯ ಹೊಗೆ ಹುಡುಕಿದ ಹಾಗೆ. ಪ್ರಯೋಗಾಲಯದಲ್ಲಿ ಹರಿಯುವ ನೀರಿನಿಂದಲೂ ಅತಿ ತಣ್ಣಗಿನ ಪರಮಾಣುಗಳಿಂದಲೂ ಜಲಪಾತದಂಥ ಮಾದರಿ ಮಾಡಿ, ಹಾಕಿಂಗ್ ಹೇಳಿದಂಥದ್ದನ್ನೇ ಕಂಡಿದ್ದಾರೆ. ಆದರೆ ಮಾದರಿ ಮಾದರಿಯೇ. ಆಕಾಶದ ಕಪ್ಪುಕುಳಿಯಿಂದ ಆ ಶಾಖ ಈವರೆಗೆ ಯಾರಿಗೂ ಸಿಕ್ಕಿಲ್ಲ.

ಸಣ್ಣ ಕಪ್ಪುಕುಳಿಯಾದರೆ ಶಾಖ ಜಾಸ್ತಿ. ಹಾಗಾಗಿ ಇನ್ನೊಂದು ದಾರಿ ಇದೆ. ಜಗತ್ತು ಹುಟ್ಟಿದಾಗಲೇ ಪುಟಾಣಿ ಕಪ್ಪುಕುಳಿಗಳೂ ಹುಟ್ಟಿರಬಹುದು ಎಂಬ ಊಹೆ. ಸುಮಾರು 50 ಕೋಟಿ ಟನ್, ಅಂದರೆ ಒಂದು ಗುಡ್ಡದಷ್ಟು ತೂಕ, ಗಾತ್ರ ಮಾತ್ರ ಪ್ರೋಟಾನಿನಷ್ಟು. ಅಂಥವು ಇದ್ದರೆ ಸವೆದು ಸವೆದು ಈಗ ಕೊನೆಯ ಘಳಿಗೆಯಲ್ಲಿ ಗಾಮಾ ಕಿರಣ ಚೆಲ್ಲಿ ಪಟಾಕಿಯ ಹಾಗೆ ಸಿಡಿಯಬೇಕು. 2008ರಲ್ಲಿ ಹಾರಿಸಿದ ಫರ್ಮಿ ದೂರದರ್ಶಕದ ದಾಖಲೆಗಳಲ್ಲಿ ಅಂಥ ಸಿಡಿತವನ್ನು ಹುಡುಕಿದ್ದಾರೆ. ಒಂದೂ ಖಚಿತವಾಗಿ ಸಿಕ್ಕಿಲ್ಲ.

ಮಧ್ಯಾಹ್ನ ಅಮೃತಾಪುರ. ತರೀಕೆರೆ ತಾಲ್ಲೂಕಿಗೆ ಬಂದು ಇದನ್ನು ನೋಡದೆ ಹೋಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 1196ರಲ್ಲಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ ಗುಡಿ. ಕಡೆದ ಕಂಬಗಳು ಇವತ್ತಿಗೂ ಕನ್ನಡಿಯ ಹಾಗೆ ಮಿನುಗುತ್ತವೆ. ಅಲ್ಲಿನ ದೊಡ್ಡ ಶಿಲಾಶಾಸನದ ಪದ್ಯ ಬರೆದವನು ಕವಿ ಜನ್ನ. ಮುಖಮಂಟಪದ ಸುತ್ತಲಿನ ಜಗಲಿಗೋಡೆಯಲ್ಲಿ ಪುರಾಣದ ಕಥೆಗಳು ಸಾಲಾಗಿವೆ. ಮಕ್ಕಳಿಬ್ಬರೂ ಅಲ್ಲಿ ಅರ್ಧ ಗಂಟೆ ಕೃಷ್ಣನನ್ನು ಹುಡುಕಿದರು.

ಅಲ್ಲಿ ಗಂಟೆ ಹೊಡೆಸಿದೆ. ಮೊಮ್ಮಗಳು ಮೆಲ್ಲಗೆ ಹೊಡೆದಳು, ಅವಳ ತಮ್ಮ ಹಾರಿ ಜೋರಾಗಿ ಹೊಡೆದ. ಸದ್ದು ಹೆಚ್ಚು ಕಡಿಮೆಯಾಯಿತೇ ಹೊರತು ಸ್ವರ ಬದಲಾಗಲಿಲ್ಲ. ಗಂಟೆಯ ಸ್ವರ ಹೊಡೆದವರದಲ್ಲ, ಗಂಟೆಯದು. ಅದರ ಗಾತ್ರ, ಆಕಾರ, ಲೋಹವನ್ನು ಅದು ಹೇಳುತ್ತದೆ.

ಕಪ್ಪುಕುಳಿಗೂ ಹಾಗೆಯೇ ಒಂದು ಸ್ವರವಿದೆ ಎಂದು ಲೆಕ್ಕ ಹಾಕಿ ತೋರಿಸಿದವರು ನಮ್ಮವರೇ, ಸಿ.ವಿ. ವಿಶ್ವೇಶ್ವರ. ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದವರು, ಸಾಹಿತಿ ಸಿ.ಕೆ. ವೆಂಕಟರಾಮಯ್ಯನವರ ಮಗ. ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕಕ್ಕೆ ಹೋದರು. ಕಪ್ಪುಕುಳಿ ಎಂಬುದು ಇದೆಯೋ ಇಲ್ಲವೋ ಎಂದೇ ಜನ ಅನುಮಾನಿಸುತ್ತಿದ್ದ ಕಾಲ. ಅವರು ಗಣಿತದಲ್ಲೇ ಒಂದು ಕಪ್ಪುಕುಳಿಯ ಮೇಲೆ ಅಲೆ ಎಸೆದು, ಅದು ಗಂಟೆಯ ಹಾಗೆ ತನ್ನದೇ ಸ್ವರದಲ್ಲಿ ಮಿಡಿದು ಅಡಗುತ್ತದೆ ಎಂದು 1970ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ಆ ಸ್ವರ ಕಪ್ಪುಕುಳಿಯ ತೂಕ ಮತ್ತು ತಿರುಗುವ ವೇಗವನ್ನು ಹೇಳಿಬಿಡುತ್ತದೆ. ಊರಿಗೆ ವಾಪಸಾದ ಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವನ್ನು ಕಟ್ಟಿ ಬೆಳೆಸಿದವರೂ ಅವರೇ. ನಿಮ್ಮಲ್ಲಿ ಎಷ್ಟೋ ಮಕ್ಕಳು ಶಾಲೆಯ ಟೂರಿನಲ್ಲಿ ಅಲ್ಲಿಗೆ ಹೋಗಿರುತ್ತೀರಿ. 2016ರ ಫೆಬ್ರವರಿ 11ರಂದು ಲೈಗೋದವರು ಮೊದಲ ಅಲೆಯ ಸುದ್ದಿ ಹೇಳಿದಾಗ, ಅದರ ತುದಿಯಲ್ಲಿ ಆ ಮಿಡಿತದ ಗುರುತಿತ್ತು. ನಲವತ್ತಾರು ವರ್ಷದ ಹಿಂದೆ ಕಾಗದದ ಮೇಲೆ ಕೇಳಿಸಿಕೊಂಡಿದ್ದ ಗಂಟೆ ಅದು. ಆ ಸುದ್ದಿ ಬಂದಾಗ ವಿಶ್ವೇಶ್ವರ ಅವರು ಇದ್ದರು. ಮರುವರ್ಷ ಜನವರಿಯಲ್ಲಿ ತೀರಿಕೊಂಡರು.

ಹೆಸರಘಟ್ಟದ ಬಳಿ ಐಸಿಟಿಎಸ್ ಎಂಬ ಸಂಶೋಧನಾ ಕೇಂದ್ರವಿದೆ. ಅಲ್ಲಿನ ವಿಜ್ಞಾನಿಗಳು ಒಂದು ತಾಳೆಯ ವಿಧಾನ ರೂಪಿಸಿದರು. ಡಿಕ್ಕಿಗೆ ಮುಂಚಿನ ಅಲೆಯಿಂದ ಒಂದು ಲೆಕ್ಕ, ನಂತರದ ಅಲೆಯಿಂದ ಬೇರೆಯಾಗಿ ಒಂದು ಲೆಕ್ಕ, ಎರಡೂ ಒಂದೇ ಕಪ್ಪುಕುಳಿಯನ್ನು ತೋರಿಸುತ್ತವೆಯೇ? ನಮ್ಮಲ್ಲಿ ಕ್ಯಾಶ್ ಪುಸ್ತಕ ಬೇರೆ, ಲೆಡ್ಜರ್ ಬೇರೆ ಬರೆದು ಸಂಜೆ ತಾಳೆ ನೋಡುತ್ತಿದ್ದದ್ದು ಇದೇ ರೀತಿ. ಮೊದಲ ಅಲೆಯಲ್ಲಿ ಅದು ತಾಳೆಯಾಯಿತು.

ಸರಿ, ಇದರಲ್ಲಿ ಕ್ವಾಂಟಂ ಎಲ್ಲಿ ಬಂತು? ಅದಕ್ಕೆ ಮಾರ್ದನಿ ಬೇಕು. ತರೀಕೆರೆ ಪೇಟೆಯ ಹೊರಗೆ ಒಂದು ಹಳೆಯ ಗೋದಾಮಿದೆ. ಅದರ ಎತ್ತರದ ಗೋಡೆಗೆ ಎದುರಾಗಿ ಸುಮಾರು ಐವತ್ತು ಮೀಟರ್ ದೂರದಲ್ಲಿ ಮಕ್ಕಳನ್ನು ನಿಲ್ಲಿಸಿ ಚಪ್ಪಾಳೆ ತಟ್ಟಿಸಿದೆ. ಟಪ್ ಎಂದ ಮೇಲೆ ಸುಮಾರು 0.3 ಸೆಕೆಂಡಿಗೆ ಸಣ್ಣಗೆ ಇನ್ನೊಂದು ಟಪ್. ಐನ್‌ಸ್ಟೈನ್ ಪ್ರಕಾರ ಕಪ್ಪುಕುಳಿಯ ಅಂಚಿನಲ್ಲಿ ಗೋಡೆ ಇಲ್ಲ, ಒಳಗೆ ಹೋದ ಅಲೆ ಹೋದದ್ದೇ. ಆದರೆ ಕ್ವಾಂಟಂ ಪರಿಣಾಮಗಳಿಂದ ಅಂಚಿನ ಹತ್ತಿರ ಏನೋ ಒಂದು ತಡೆ ಇರಬಹುದು ಎನ್ನುವ ವಿಜ್ಞಾನಿಗಳಿದ್ದಾರೆ. ಇದ್ದರೆ ಗಂಟೆ ಅಡಗಿದ ಮೇಲೆ ಅಲೆ ಅದಕ್ಕೆ ಬಡಿದು ಮಾರ್ದನಿ ಬರಬೇಕು. 2015ರ ಆ ಕಪ್ಪುಕುಳಿಗೆ ಅವರು ಹಾಕಿದ ಲೆಕ್ಕವೂ ಸುಮಾರು 0.3 ಸೆಕೆಂಡೇ. 2016ರ ಕೊನೆಗೆ ಮೂವರು ಸಂಶೋಧಕರು ಲೈಗೋ ದಾಖಲೆಯಲ್ಲಿ ಮಾರ್ದನಿಯ ಸುಳಿವು ಇದೆ ಎಂದರು. ಬೇರೆಯವರು ಅದೇ ದಾಖಲೆಯನ್ನು ಮತ್ತೆ ಮತ್ತೆ ಜಾಲಾಡಿದರು. ಗದ್ದಲದಿಂದ ಬೇರೆ ಮಾಡಿ ಹೇಳುವಷ್ಟು ಗಟ್ಟಿ ಪುರಾವೆ ಅವರಿಗೆ ಸಿಗಲಿಲ್ಲ. ಹುಡುಕಾಟ ನಡೆದೇ ಇದೆ.

ಮೊಮ್ಮಗಳಿಗೆ ಇದರಿಂದ ಬೇಜಾರಾಯಿತು. “ಅಷ್ಟೆಲ್ಲ ಮಾಡಿ ಸಿಕ್ಕೇ ಇಲ್ವಾ?” ಸಿಗಲಿಲ್ಲ ಎಂದು ಬರೆದಿಡುವುದೂ ಒಂದು ನಮೂದೇ, ಪುಟ್ಟಿ. ತಡೆ ಇದ್ದರೆ ಅದು ಇಷ್ಟಕ್ಕಿಂತ ಮೆಲ್ಲಗಿರಬೇಕು ಎಂದು ಅಷ್ಟರಮಟ್ಟಿಗೆ ಗೊತ್ತಾಯಿತಲ್ಲ.

ಅಜ್ಜಂಪುರ ಮುಟ್ಟುವಾಗ ಸಂಜೆ. ಹಿಂದೆ ತರೀಕೆರೆ ತಾಲ್ಲೂಕಿನಲ್ಲಿದ್ದ ಊರು, ಈಗ ತಾನೇ ತಾಲ್ಲೂಕು ಕೇಂದ್ರ. ಅಮೃತ ಮಹಲ್ ತಳಿಯ ದನಗಳಿಗೆ ಹೆಸರಾದದ್ದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಉದ್ದ ಕೊಂಬಿನ, ಬೂದು ಬಣ್ಣದ, ಹೊಸಬರನ್ನು ಹತ್ತಿರ ಸೇರಿಸದ ದನಗಳು. ದೂರದಿಂದಲೇ ನೋಡಿದೆವು. ಊರಾಚೆ ಕಾವಲಿನ ಕಡೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ದೀಪ ಆರಿಸಿದೆವು. ಎಳೆ ಚಂದ್ರ ಆಗಲೇ ಮುಳುಗಿದ್ದ. ಏಳೂವರೆಗೆ ಮೋಡ ಸರಿದು ದಕ್ಷಿಣದ ಕಡೆ, ತುಸು ಪಶ್ಚಿಮಕ್ಕೆ ವಾಲಿದಂತೆ, ಧನು ರಾಶಿ ಕಂಡಿತು. ಟೀ ಕಾಯಿಸುವ ಕೆಟಲ್ಲಿನ ಆಕಾರ. ಅದರ ಮೂತಿಯ ಹತ್ತಿರವೇ ನಮ್ಮ ಹಾಲುಹಾದಿಯ ನಡುಮಧ್ಯ. ಅಲ್ಲಿ ಸುಮಾರು 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿ ಇದೆ, ಇಲ್ಲಿಂದ ಸುಮಾರು 26 ಸಾವಿರ ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೆ ಕಾಣದು. ಭೂಮಿಯ ಬೇರೆ ಬೇರೆ ಕಡೆಯ ರೇಡಿಯೋ ದೂರದರ್ಶಕಗಳನ್ನು ಜೋಡಿಸಿ ತೆಗೆದ ಅದರ ಚಿತ್ರ 2022ರ ಮೇ 12ರಂದು ಬಂತು: ಉರಿಯುವ ಬಳೆ, ನಡುವೆ ಕತ್ತಲು. ಬಳೆಯ ಅಳತೆ ಐನ್‌ಸ್ಟೈನ್ ಲೆಕ್ಕಕ್ಕೆ ಹೊಂದುತ್ತದೆ. ಕ್ವಾಂಟಂ ಕಾರಣದಿಂದ ಅಂಚು ಬೇರೆ ಥರ ಇದ್ದಿದ್ದರೆ ಆ ಕತ್ತಲಿನ ಆಕಾರದಲ್ಲೂ ಎಲ್ಲಾದರೂ ಗುರುತು ಕಾಣಬಹುದಿತ್ತು. ಇನ್ನೂ ಸೂಕ್ಷ್ಮವಾದ ಚಿತ್ರ ಬಂದಾಗ ಅದನ್ನೂ ನೋಡುತ್ತಾರೆ.

“ಒಳಗೆ ಬಿದ್ದದ್ದೆಲ್ಲ ಎಲ್ಲಿಗೆ ಹೋಗತ್ತೆ?” ಕತ್ತಲಲ್ಲಿ ಹುಡುಗನ ಪ್ರಶ್ನೆ. ಇಡೀ ವಿಷಯದ ಗಂಟು ಇರುವುದು ಅಲ್ಲಿಯೇ. ಕ್ವಾಂಟಂ ಶಾಸ್ತ್ರದಲ್ಲಿ ಯಾವ ನಮೂದೂ ಪೂರ್ತಿ ಅಳಿಸಿಹೋಗುವಂತಿಲ್ಲ. ಒಂದು ಕಾಗದ ಸುಟ್ಟರೂ ಅದರ ಬೂದಿ, ಹೊಗೆ, ಬೆಳಕು ಎಲ್ಲವನ್ನೂ ಕೂಡಿಹಾಕಿದರೆ ಬರೆದದ್ದನ್ನು ತಿರುಗಿ ಓದಬಹುದು. ಮಾಡಲು ಅಸಾಧ್ಯ, ನಿಯಮ ಮಾತ್ರ ಹಾಗಿದೆ. ಕಪ್ಪುಕುಳಿ ಶಾಖ ಬಿಡುತ್ತ ಸವೆದು ಇಲ್ಲವಾದರೆ ಒಳಗೆ ಬಿದ್ದದ್ದರ ನಮೂದು ಏನಾಯಿತು? ಅಳಿಸಿಯೇ ಹೋಯಿತು ಎಂದು ಹಾಕಿಂಗ್ 1976ರಲ್ಲಿ ಹೇಳಿದರು. 1997ರಲ್ಲಿ ಅವರೂ ಕಿಪ್ ಥಾರ್ನ್ ಅವರೂ ಒಂದು ಕಡೆ, ಜಾನ್ ಪ್ರೆಸ್ಕಿಲ್ ಇನ್ನೊಂದು ಕಡೆ ಬಾಜಿ ಕಟ್ಟಿದರು. 2004ರಲ್ಲಿ ಹಾಕಿಂಗ್ ಸೋಲೊಪ್ಪಿ ಪ್ರೆಸ್ಕಿಲ್ ಅವರಿಗೆ ಬೇಸ್‌ಬಾಲ್ ವಿಶ್ವಕೋಶವೊಂದನ್ನು ಕೊಟ್ಟರು. ಥಾರ್ನ್ ಆಗ ಒಪ್ಪಲಿಲ್ಲ! ಹಾಕಿಂಗ್ 2018ರಲ್ಲಿ ತೀರಿಕೊಂಡರು. ಅವರು ಹೇಳಿದ ಶಾಖಕ್ಕೆ ಆಕಾಶದ ಟಿಕ್ ಬೀಳಲಿಲ್ಲ.

ಕಂಪ್ಯೂಟರ್ ಬರುವ ಮೊದಲು ಬ್ರಾಂಚಿನಲ್ಲಿ ಹತ್ತು ಪೈಸೆ ತಾಳೆಯಾಗದಿದ್ದರೆ ರಾತ್ರಿ ಎಂಟಾದರೂ ಯಾರೂ ಮನೆಗೆ ಹೋಗುವಂತಿರಲಿಲ್ಲ. ಜೇಬಿನಿಂದ ಹತ್ತು ಪೈಸೆ ಹಾಕಿ ಮುಗಿಸೋಣವೆಂದರೆ ಅದಕ್ಕೂ ಒಪ್ಪಿಗೆ ಇಲ್ಲ. ಹಣ ಮುಖ್ಯವಲ್ಲ, ಎಲ್ಲಿ ಹೋಯಿತೆಂದು ಗೊತ್ತಾಗಬೇಕು. ಜಗತ್ತಿನ ಲೆಡ್ಜರಿನಲ್ಲಿ ಈಗ ಅಂಥದೊಂದು ವ್ಯತ್ಯಾಸ ಉಳಿದಿದೆ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾದ ಬಳಿ ಭಾರತದ್ದೇ ಲೈಗೋ ಬರಲಿದೆ, 2023ರಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಶುರುವಾಗಿ ಗಂಟೆಯ ಸ್ವರ ಇನ್ನಷ್ಟು ಚೊಕ್ಕಟವಾಗಿ ಕೇಳಿಸುವ ಹೊತ್ತಿಗೆ ಮೊಮ್ಮಗಳು ಕಾಲೇಜಿನಲ್ಲಿರುತ್ತಾಳೋ ಏನೋ. ತನಗೆ ಅಲ್ಲಿ ಕೆಲಸ ಕೊಡುತ್ತಾರಾ ಎಂದು ಕೇಳಿದಳು. ಗಣಿತ ಚೆನ್ನಾಗಿ ಮಾಡು, ಕೊಟ್ಟೇ ಕೊಡುತ್ತಾರೆ ಎಂದೆ.

ಅಷ್ಟರವರೆಗೆ ಸುಮ್ಮನೆ ಬಾನೆಟ್ಟಿಗೆ ಒರಗಿ ಕೇಳುತ್ತಿದ್ದ ನಮ್ಮ ಡ್ರೈವರ್, “ಅದು ನಮ್ಮ ಕಡೆಗೇನೂ ಬರಲ್ವಲ್ಲ, ಸಾರ್?” ಎಂದ. ಬರಲ್ಲಪ್ಪ ಎಂದೆ. ನಾವೇ ಅದರ ಸುತ್ತ, ಸೂರ್ಯನನ್ನೂ ಕಟ್ಟಿಕೊಂಡು, ಇಪ್ಪತ್ತು ಕೋಟಿ ವರ್ಷಕ್ಕೂ ಹೆಚ್ಚು ಹಿಡಿಯುವ ಒಂದು ಸುತ್ತು ಹಾಕುತ್ತಿದ್ದೇವೆ. “ಹಂಗಾದ್ರೆ ಸರಿ” ಎಂದು ಅವನು ಕಾರು ಸ್ಟಾರ್ಟ್ ಮಾಡಿದ.